ಮೂರು ಲೆಕ್ಕ, ಒಂದು ರಾತ್ರಿ: 2020ರ ಅಯೋವಾ ಕಾಕಸ್ ಪ್ರಕರಣ

2020ರ ಫೆಬ್ರವರಿ 3, ಸೋಮವಾರ ರಾತ್ರಿ. ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಹೆಜ್ಜೆಯಾದ ಕಾಕಸ್ ಸಭೆಗಳು ಮುಗಿದಿದ್ದವು. ಅಮೆರಿಕದ ಅಯೋವಾ ರಾಜ್ಯದ ಒಂದು ಬೂತ್‌ನ ಕಾರ್ಯದರ್ಶಿ ಫೋನ್ ಹಿಡಿದು ಕೂತಿದ್ದರು. ತಮ್ಮ ಬೂತ್‌ನ ಲೆಕ್ಕವನ್ನು ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಒಪ್ಪಿಸಬೇಕಿತ್ತು, ಅಷ್ಟೇ ಕೆಲಸ. ಒಂದು ಗಂಟೆಗೂ ಜಾಸ್ತಿ ಹೊತ್ತು ಹೋಲ್ಡ್‌ನಲ್ಲೇ ಇದ್ದರು. ಅದೇ ಹೊತ್ತಿಗೆ ಸಿಎನ್‌ಎನ್‌ನವರು ಅವರನ್ನು ನೇರಪ್ರಸಾರಕ್ಕೆ ಎಳೆದುಕೊಂಡರು. ಇವರು ನಿರೂಪಕರ ಜೊತೆ ಮಾತಾಡುತ್ತಿರುವಾಗಲೇ ಪಕ್ಷದ ಕಚೇರಿಯಿಂದ ಯಾರೋ ಫೋನ್ ಎತ್ತಿದರು. ಇವರು ಈ ಕಡೆ ಮಾತು ನಿಲ್ಲಿಸಿ ಆ ಕಡೆ ತಿರುಗುವಷ್ಟರಲ್ಲಿ ಲೈನ್ ಕಟ್. ಇಡೀ ದೇಶ ನೋಡುತ್ತಿತ್ತು.

ಆ ರಾತ್ರಿ ಫಲಿತಾಂಶ ಬರಲೇ ಇಲ್ಲ. ಮರುದಿನ ಬೆಳಿಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಲೆಕ್ಕ ಕಳಿಸುವ ಆ್ಯಪ್ ಕೈಕೊಟ್ಟಿತಂತೆ. ಇವತ್ತಿಗೂ ಈ ಪ್ರಕರಣ ನೆನಪಿಟ್ಟುಕೊಂಡವರು ಆ್ಯಪ್‌ನ ಕಥೆಯನ್ನೇ ಹೇಳುತ್ತಾರೆ. ಆದರೆ ನನಗೆ ಆ್ಯಪ್ ಅಷ್ಟು ದೊಡ್ಡ ವಿಷಯ ಅಂತ ಅನಿಸುವುದಿಲ್ಲ. ಅಯೋವಾದ ಲೆಕ್ಕ ಮೊದಲಿನಿಂದಲೂ ಒರಟಾಗಿಯೇ ಇತ್ತು. ಸುಧಾರಣೆ ಅಂತ ಹೇಳಿ ಆ ಲೆಕ್ಕದ ಮೇಲಿನ ಮುಸುಕು ತೆಗೆದರು, ಒಳಗಿದ್ದದ್ದು ಕಂಡಿತು. ಅದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನೋದನ್ನು ಹೈಕಮಾಂಡ್ ಹೇಳುತ್ತದೆ. ಅಮೆರಿಕದಲ್ಲೂ ಮೊದಲು ಸುಮಾರಾಗಿ ಹಾಗೇ ಇತ್ತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನರೇ ಮತ ಹಾಕುವ ಚುನಾವಣೆ) ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಗಿಬಿಟ್ಟರು. ಶಿಕಾಗೋ ಸಮಾವೇಶದ ಹೊರಗೆ ಬೀದಿಯಲ್ಲಿ ಲಾಠಿ, ಒಳಗೆ ಕೂಗಾಟ. ಅದಾದ ಮೇಲೆ ಪಕ್ಷ ನಿಯಮ ಬದಲಿಸಿತು. ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳನ್ನು ರಾಜ್ಯ ರಾಜ್ಯದಲ್ಲೂ ಸಾಮಾನ್ಯ ಕಾರ್ಯಕರ್ತರು, ಮತದಾರರೇ ಆರಿಸಬೇಕು, ಮುಂಚೆಯೇ ದಿನ ತಿಳಿಸಬೇಕು, ಹಂತ ಹಂತಕ್ಕೂ ನಡುವೆ ಸಮಯ ಕೊಡಬೇಕು ಅಂತ.

ಅಯೋವಾದಲ್ಲಿ ನಾಲ್ಕು ಹಂತ. ಬೂತ್, ಕೌಂಟಿ, ಜಿಲ್ಲೆ, ರಾಜ್ಯ. ಒಂದೊಂದಕ್ಕೂ ಕಾಗದಪತ್ರ ತಯಾರಾಗಬೇಕು, ಪಕ್ಷದ ಕಚೇರಿಯಲ್ಲಿದ್ದದ್ದು ನಿಧಾನಕ್ಕೆ ತಿರುಗುವ ಹಳೇ ಸೈಕ್ಲೋಸ್ಟೈಲ್ ಯಂತ್ರ. ಲೆಕ್ಕ ಹಾಕಿ ಹಿಂದಕ್ಕೆ ಹಿಂದಕ್ಕೆ ಎಣಿಸಿದಾಗ ಮೊದಲ ಹಂತ 1972ರ ಜನವರಿಗೆ ಬಂದು ನಿಂತಿತು. ಹಾಗೆ ಅಯೋವಾ ದೇಶಕ್ಕೇ ಮೊದಲಾಯಿತು. ಯಾರೂ ಕೂತು ಯೋಚನೆ ಮಾಡಿ 'ಅಮೆರಿಕದ ಅಧ್ಯಕ್ಷರ ಆಯ್ಕೆ ಅಯೋವಾದಿಂದಲೇ ಶುರುವಾಗಲಿ' ಅಂತ ತೀರ್ಮಾನಿಸಿದ್ದಲ್ಲ! 1976ರಲ್ಲಿ ಜಿಮ್ಮಿ ಕಾರ್ಟರ್ ಇದರ ಬೆಲೆ ಕಂಡುಕೊಂಡರು. ಆ ವರ್ಷ ಅಲ್ಲಿ ನಿಜಕ್ಕೂ ಮೊದಲು ಬಂದದ್ದು 'ಇನ್ನೂ ತೀರ್ಮಾನಿಸಿಲ್ಲ' ಅನ್ನೋ ಗುಂಪು, ಸುಮಾರು 37%. ಕಾರ್ಟರ್‌ಗೆ ಸಿಕ್ಕಿದ್ದು ಸುಮಾರು 28%. ಆದರೂ ಹೆಸರಿರುವ ಮನುಷ್ಯರಲ್ಲಿ ಅವರೇ ಮೊದಲಿಗರು ಅಂತ ಪತ್ರಿಕೆಗಳು ಬರೆದವು, ಕಡಲೆಕಾಯಿ ಬೆಳೆಯುತ್ತಿದ್ದ ಜಾರ್ಜಿಯಾದವರೊಬ್ಬರು ಶ್ವೇತಭವನದ ದಾರಿ ಹಿಡಿದರು. ಅಲ್ಲಿಂದ ಮುಂದೆ ನಾಲ್ಕು ವರ್ಷಕ್ಕೊಮ್ಮೆ ಇಡೀ ರಾಜಕೀಯ ಆ ಜೋಳದ ಹೊಲಗಳಿಗೆ ಬಂದು ಬೀಡುಬಿಡೋದು ರೂಢಿಯಾಯಿತು.

2020ರಲ್ಲಿ ಅಯೋವಾ ಕೊಡುತ್ತಿದ್ದ ಪ್ರತಿನಿಧಿಗಳು 41. ದೇಶದಲ್ಲಿ ಒಟ್ಟು 3,979. ಹೆಚ್ಚುಕಡಿಮೆ ನೂರಕ್ಕೆ ಒಂದು. ಆ ಒಂದಕ್ಕೆ ಒಂದು ವರ್ಷ ಓಡಾಟ. ಯಾಕೆಂದರೆ ಅಲ್ಲಿ ಸಿಗೋದು ಪ್ರತಿನಿಧಿಗಳಲ್ಲ, ಹವಾ. ಸೋಮವಾರ ರಾತ್ರಿ ಟಿವಿಯಲ್ಲಿ ಗೆಲುವಿನ ಭಾಷಣ, ಮಂಗಳವಾರ ಚಂದಾ ಹಣದ ಹೊಳೆ, ಮುಂದಿನ ವಾರ ನ್ಯೂ ಹ್ಯಾಂಪ್‌ಶೈರ್. ಮೂವತ್ತು ಲಕ್ಷ ಚಿಲ್ಲರೆ ಜನಸಂಖ್ಯೆಯ, ನೂರಕ್ಕೆ ತೊಂಬತ್ತರ ಹತ್ತಿರ ಬಿಳಿಯರೇ ಇರುವ ರಾಜ್ಯ ಇದು. ಕಪ್ಪು ಜನರ ಮತದ ಮೇಲೆ ನಿಂತಿರುವ ಪಕ್ಷಕ್ಕೆ ಇದು ಮೊದಲ ಪರೀಕ್ಷೆ ಆಗಬೇಕಾ ಅನ್ನೋ ಪ್ರಶ್ನೆ ಹಳೆಯದು.

ಇನ್ನು 2020ರಲ್ಲಿ ಡೆಮಾಕ್ರಟರ ಕಾಕಸ್ ಅಂದರೆ ಏನಾಗಿತ್ತು? ಮತಗಟ್ಟೆಗೆ ಹೋಗಿ ಬಟನ್ ಒತ್ತಿ ಬರೋದಲ್ಲ. ಸಂಜೆ ಏಳಕ್ಕೆ ಸರಿಯಾಗಿ ಶಾಲೆಯ ಜಿಮ್ಮಿಗೋ ಚರ್ಚ್‌ನ ನೆಲಮಾಳಿಗೆಗೋ ಹೋಗಬೇಕು. ಹೊರಗೆ ಚಳಿ, ಹಿಮ. ಒಳಗೆ ಗೋಡೆಗೊಂದು ಅಭ್ಯರ್ಥಿಯ ಪೋಸ್ಟರ್. ನೀವು ಯಾರ ಕಡೆಯೋ ಅವರ ಪೋಸ್ಟರ್ ಹತ್ತಿರ ಹೋಗಿ ನಿಲ್ಲಬೇಕು, ಎಲ್ಲರ ಎದುರಿಗೆ. ಪಕ್ಕದ ಮನೆಯವರೂ ನೋಡ್ತಾರೆ, ನಿಮ್ಮ ಬಾಸ್ ಕೂಡ ಅಲ್ಲೇ ಇರಬಹುದು. ತಲೆ ಎಣಿಸುತ್ತಾರೆ. ನೂರಕ್ಕೆ 15 ಬಾರದ ಗುಂಪು ಚದುರಿ ಬೇರೆ ಗುಂಪಿಗೆ ಸೇರಬೇಕು, ಇಲ್ಲಾ ಮನೆಗೆ ಹೋಗಬೇಕು. ಎರಡನೇ ಸಲ ಎಣಿಕೆ. ಆಮೇಲೆ ಗುಣಾಕಾರ ಭಾಗಾಕಾರ. ಒಟ್ಟು ಎರಡು ಮೂರು ಗಂಟೆ. ರಾತ್ರಿ ಪಾಳಿಯವರು, ಕೈಗೂಸಿನ ತಾಯಂದಿರು, ಗಾಲಿಕುರ್ಚಿಯವರು, ವಯಸ್ಸಾದವರು ಇವರೆಲ್ಲ ಏನು ಮಾಡಬೇಕು? ಸುಮ್ನೆ ಮನೆಯಲ್ಲಿರಬೇಕು, ಅಷ್ಟೇ. ಹೋದವರು ಮಾತ್ರ ತುಂಬಾ ಸಂಭ್ರಮದಿಂದ ಇದನ್ನು ನೆರೆಹೊರೆಯವರ ಪ್ರಜಾಪ್ರಭುತ್ವ ಅಂತ ಹೊಗಳುತ್ತಿದ್ದರು. ಹೋಗಲಾಗದವರನ್ನು ಕೇಳಿದವರು ಕಡಿಮೆ.

ಆ ಗುಣಾಕಾರ ಭಾಗಾಕಾರವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಇಡೀ ಪ್ರಕರಣದ ಕೀಲಿ ಅಲ್ಲೇ ಇದೆ. ಸುಮ್ನೆ ಒಂದು ಬೂತ್ ಊಹಿಸಿಕೊಳ್ಳಿ. ಬಂದವರು 101 ಜನ. ಆ ಬೂತ್ ಕೌಂಟಿ ಸಭೆಗೆ ಕಳಿಸಬೇಕಾದವರು 5 ಜನ. 101ಕ್ಕೆ 15% ಅಂದರೆ 15.15. ಅದನ್ನು ಮೇಲಕ್ಕೆ ಏರಿಸಿ 16 ಅಂತ ಇಟ್ಟುಕೊಳ್ಳುತ್ತಾರೆ. ಮೊದಲ ಎಣಿಕೆಯಲ್ಲಿ ಒಬ್ಬರಿಗೆ 40, ಇನ್ನೊಬ್ಬರಿಗೆ 30, ಮೂರನೆಯವರಿಗೆ 16, ನಾಲ್ಕನೆಯವರಿಗೆ 15. ನಾಲ್ಕನೆಯ ಗುಂಪು ಒಂದೇ ಒಂದು ತಲೆಯಿಂದ ಔಟ್. ಆ ಹದಿನೈದು ಜನರಲ್ಲಿ 8 ಜನ ಎರಡನೆಯವರ ಕಡೆ, 3 ಜನ ಮೂರನೆಯವರ ಕಡೆ ಹೋದರು, 4 ಜನ ಬೇಜಾರಾಗಿ ಕೋಟು ಹಾಕಿಕೊಂಡು ಮನೆಗೆ ಹೊರಟರು. ಈಗ 40, 38, 19. ಪ್ರತಿಯೊಂದನ್ನೂ 5ರಿಂದ ಗುಣಿಸಿ 101ರಿಂದ ಭಾಗಿಸಿ: 1.98, 1.88, 0.94. ಪೂರ್ಣಾಂಕಕ್ಕೆ ತಂದರೆ 2, 2, 1. ಮೊದಲ ಎಣಿಕೆಯಲ್ಲಿ ಹತ್ತು ಜನ ಮುಂದಿದ್ದವರೂ ಹಿಂದಿದ್ದವರೂ ಕೊನೆಗೆ ಸಮ.

ಒಟ್ಟು 5ಕ್ಕೆ ಬದಲು 6 ಬಂದುಬಿಟ್ಟರೆ? ಯಾರ ಭಿನ್ನರಾಶಿ ಕಮ್ಮಿಯೋ ಅವರಿಂದ ಒಂದು ಕಿತ್ತುಕೊಳ್ಳಬೇಕು. ಭಿನ್ನರಾಶಿಯೂ ಸಮ ಆದರೆ? ಟಾಸ್. ಹೌದು, ಕ್ರಿಕೆಟ್ಟಿನ ಹಾಗೇ ನಾಣ್ಯ ಹಾರಿಸ್ತಾರೆ. ಚಿಕ್ಕ ಬೂತ್‌ಗಳಿಗೆ ನಿಯಮವೇ ಬೇರೆ, ಇಬ್ಬರನ್ನು ಮಾತ್ರ ಕಳಿಸುವ ಬೂತ್ ಆದರೆ ಗುಂಪು ಉಳಿಯಲು ನೂರಕ್ಕೆ 25 ಬೇಕು. ಇದನ್ನೆಲ್ಲ ಮಾಡುವವರು ಚುನಾವಣಾ ಅಧಿಕಾರಿಗಳಲ್ಲ ಅನ್ನೋದು ನೆನಪಿರಲಿ. ಕಾಕಸ್ ನಡೆಸೋದು ಸರ್ಕಾರ ಅಲ್ಲ, ಪಕ್ಷ. ಲೆಕ್ಕ ಹಾಕೋರು ಸ್ವಯಂಸೇವಕರು, ಹಗಲೆಲ್ಲ ಬೇರೆ ಕೆಲಸ ಮಾಡಿ ಬಂದವರು, ಗದ್ದಲದ ಮಧ್ಯೆ ಒಂದು ಕಾಗದ ಮತ್ತು ಕ್ಯಾಲ್ಕ್ಯುಲೇಟರ್ ಹಿಡಿದು ನಿಂತವರು.

2016ರವರೆಗೆ ಡೆಮಾಕ್ರಟಿಕ್ ಪಕ್ಷ ಹೊರಗೆ ಹೇಳುತ್ತಿದ್ದದ್ದು ಈ ಕೊನೆಯ ಸಂಖ್ಯೆ ಮಾತ್ರ. ಅದನ್ನೂ ರಾಜ್ಯ ಸಮಾವೇಶದ ಪ್ರತಿನಿಧಿಗಳ ಲೆಕ್ಕಕ್ಕೆ ಇಳಿಸಿ ಹೇಳುತ್ತಿದ್ದರು. 'ರಾಜ್ಯ ಪ್ರತಿನಿಧಿ ಸಮಾನ' ಅಂತ ಅದಕ್ಕೊಂದು ಹೆಸರು, ಹಾಗಾಗಿ ದಶಮಾಂಶದಲ್ಲಿ ಬರುತ್ತಿತ್ತು. ಎಷ್ಟು ಜನ ಯಾರ ಕಡೆ ನಿಂತಿದ್ದರು ಅನ್ನೋದು ಹೊರಗೆ ಬರುತ್ತಲೇ ಇರಲಿಲ್ಲ. ತಪ್ಪು ಆಗುತ್ತಿರಲಿಲ್ಲ ಅಂತ ಅಲ್ಲ, ತಾಳೆ ನೋಡಲು ಯಾರ ಕೈಯಲ್ಲೂ ಏನೂ ಇರಲಿಲ್ಲ. ರಿಪಬ್ಲಿಕನ್ನರ ಕಡೆ ಲೆಕ್ಕ ಎಷ್ಟೋ ಸರಳ, ಚೀಟಿ ಬರೆದು ಹಾಕಿದರೆ ಮುಗೀತು. ಅಲ್ಲೂ 2012ರಲ್ಲಿ ರಾತ್ರಿ ಮಿಟ್ ರಾಮ್ನಿ 8 ಮತದಿಂದ ಗೆದ್ದರು ಅಂದು, ಎರಡು ವಾರದ ಮೇಲೆ ರಿಕ್ ಸ್ಯಾಂಟೋರಮ್ 34 ಮತ ಮುಂದಿದ್ದಾರೆ ಅಂತ ಹೇಳಬೇಕಾಯಿತು. ಅಷ್ಟು ಹೊತ್ತಿಗೆ ಸ್ಯಾಂಟೋರಮ್‌ಗೆ ಸಿಗಬೇಕಿದ್ದ ಹವಾ ಎಲ್ಲ ರಾಮ್ನಿ ಪಾಲಾಗಿತ್ತು.

2016ರಲ್ಲಿ ಹಿಲರಿ ಕ್ಲಿಂಟನ್, ಬರ್ನಿ ಸ್ಯಾಂಡರ್ಸ್ ಅಯೋವಾದಲ್ಲಿ ಕೂದಲೆಳೆಯ ಅಂತರಕ್ಕೆ ಬಂದು ನಿಂತರು. ಮತ ಎಷ್ಟು ತೋರಿಸಿ ಅಂತ ಸ್ಯಾಂಡರ್ಸ್ ಕಡೆಯವರು ಕೇಳಿದರು. ತೋರಿಸಲು ಪಕ್ಷದ ಹತ್ತಿರ ಏನೂ ಇರಲಿಲ್ಲ. ಆ ಚುನಾವಣೆ ಮುಗಿದ ಮೇಲೆ ಎರಡೂ ಬಣಗಳನ್ನು ಕೂರಿಸಿ ಸುಧಾರಣಾ ಆಯೋಗ ಮಾಡಿದರು. 2018ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು. ಪಕ್ಷದ ದೊಡ್ಡವರಾದ ಸೂಪರ್ ಡೆಲಿಗೇಟ್‌ಗಳು ಪೈಪೋಟಿ ಇರುವ ಸಮಾವೇಶದಲ್ಲಿ ಮೊದಲ ಸುತ್ತಿಗೆ ಮತ ಹಾಕುವಂತಿಲ್ಲ. ಕಾಕಸ್ ಇಟ್ಟುಕೊಂಡಿರುವ ರಾಜ್ಯಗಳು ಕಾಗದದ ದಾಖಲೆ ಇಡಬೇಕು, ತಲೆ ಎಣಿಕೆ ಬಹಿರಂಗ ಮಾಡಬೇಕು, ಬರಲಾಗದವರಿಗೂ ದಾರಿ ಮಾಡಿಕೊಡಬೇಕು.

ಒಂದೊಂದೂ ನ್ಯಾಯವಾದ ಬೇಡಿಕೆಯೇ. ಬರಲಾಗದವರು ಫೋನ್ ಮೂಲಕವೇ ಭಾಗವಹಿಸಲಿ ಅಂತ ಅಯೋವಾ ಯೋಜನೆ ಹಾಕಿತು. ಹ್ಯಾಕ್ ಆಗಬಹುದು ಅಂತ 2019ರ ಬೇಸಿಗೆಯ ಕೊನೆಗೆ ಪಕ್ಷದ ರಾಷ್ಟ್ರೀಯ ಸಮಿತಿ ಅದನ್ನು ತಳ್ಳಿಹಾಕಿತು. ಅಂಚೆ ಮತ ಇಡೋಣ ಅಂದರೆ ಅದು ಪ್ರೈಮರಿ ಥರ ಆಗುತ್ತೆ, ನಮ್ಮದೇ ಮೊದಲ ಪ್ರೈಮರಿ ಆಗಬೇಕು ಅಂತ ಕಾನೂನನ್ನೇ ಮಾಡಿಕೊಂಡಿರುವ ನ್ಯೂ ಹ್ಯಾಂಪ್‌ಶೈರ್ ಜಗಳಕ್ಕೆ ಬರುತ್ತೆ. ಕೊನೆಗೆ ಉಳಿದದ್ದು ಉಪಕೇಂದ್ರಗಳು, ಒಟ್ಟು 87. ಇದರಲ್ಲಿ ಕೆಲವು ಪ್ಯಾರಿಸ್, ಗ್ಲಾಸ್ಗೋ, ದೂರದ ಟಿಬಿಲಿಸಿಯಲ್ಲೂ ಇದ್ದವು. ನನಗೆ ಇಷ್ಟವಾದದ್ದು ಆಟಮ್ವಾ ಊರಿನದು. ಅಲ್ಲಿ ಹಂದಿಮಾಂಸದ ಕಾರ್ಖಾನೆಯಲ್ಲಿ ಸಂಜೆ ಪಾಳಿ ಮಾಡುವವರು, ಅವರಲ್ಲಿ ಹಲವರು ಇಥಿಯೋಪಿಯಾದಿಂದ ಬಂದವರು, ಮಧ್ಯಾಹ್ನವೇ ಕಾರ್ಮಿಕ ಸಂಘದ ಕಟ್ಟಡದಲ್ಲಿ ಸೇರಿದರು. ಹದಿನೈದು ಜನ. ಹದಿನಾಲ್ಕು ಜನ ಸ್ಯಾಂಡರ್ಸ್ ಕಡೆ ನಿಂತರು. ಹಳೇ ಪದ್ಧತಿ ಆಗಿದ್ದರೆ ಸಂಜೆ ಏಳಕ್ಕೆ ಅವರೆಲ್ಲ ಕತ್ತಿ ಹಿಡಿದು ಕೆಲಸದಲ್ಲಿರುತ್ತಿದ್ದರು.

ಈಗ ಆ ರಾತ್ರಿಗೆ ಬರೋಣ. ಪ್ರತಿ ಬೂತ್‌ನಿಂದ ಈ ಸಲ ಒಂದಲ್ಲ, ಮೂರು ಲೆಕ್ಕ ಬರಬೇಕು: ಮೊದಲ ಎಣಿಕೆ, ಎರಡನೇ ಎಣಿಕೆ, ಕೊನೆಗೆ ಪ್ರತಿನಿಧಿಗಳ ಸಂಖ್ಯೆ. ಬೂತ್‌ಗಳು 1,678, ಉಪಕೇಂದ್ರ ಸೇರಿದರೆ 1,765. ಇದನ್ನೆಲ್ಲ ಸೇರಿಸಲು ಶ್ಯಾಡೋ ಅನ್ನೋ ಚಿಕ್ಕ ಕಂಪನಿಯ ಹತ್ತಿರ 60,000 ಡಾಲರ್ ಆಸುಪಾಸಿನಲ್ಲಿ ಆ್ಯಪ್ ಮಾಡಿಸಿದ್ದರು. ಆ್ಯಪ್ ಸ್ಟೋರ್‌ನಲ್ಲಿ ಅದು ಸಿಗುತ್ತಿರಲಿಲ್ಲ, ಪರೀಕ್ಷೆಗೆ ಬಳಸುವ ಅಡ್ಡದಾರಿಯಲ್ಲಿ ಹಾಕಿಕೊಳ್ಳಬೇಕಿತ್ತು. ಎಷ್ಟೋ ಜನರಿಗೆ ಲಾಗಿನ್ ಆಗಲೇ ಇಲ್ಲ. ಲಾಗಿನ್ ಆಗದವರು ಫೋನ್ ಹಚ್ಚಿದರು. ಆ ಫೋನ್ ನಂಬರ್ ಇಂಟರ್‌ನೆಟ್‌ನಲ್ಲಿ ಓಡಾಡಿ, ಕಿತಾಪತಿ ಮಾಡುವವರೂ ಅದಕ್ಕೇ ಕರೆ ಮಾಡಿ ಲೈನ್ ಜಾಮ್ ಮಾಡಿದರು. ಕಚೇರಿಯಲ್ಲಿ ಬಂದ ಅಂಕಿಗಳನ್ನು ನೋಡಿದರೆ ಒಂದಕ್ಕೊಂದು ತಾಳೆ ಆಗುತ್ತಿಲ್ಲ.

ಆ ವರ್ಷದ ಕೊನೆಗೆ ರಾಜ್ಯ ಪಕ್ಷ ಮಾಡಿಸಿದ ತನಿಖೆಯ ವರದಿ ಬೆರಳು ತೋರಿಸಿದ್ದು ರಾಷ್ಟ್ರೀಯ ಸಮಿತಿಯ ಕಡೆಗೂ. ನಮಗೂ ಕೂಡಲೇ ಅಂಕಿ ಬೇಕು ಅಂತ ಕಡೇ ಗಳಿಗೆಯಲ್ಲಿ ಹಠ ಹಿಡಿದು ಇನ್ನೊಂದು ತಂತ್ರಾಂಶ ಜೋಡಿಸಿದ್ದರು, ಅದರಲ್ಲಿ ಕೋಡಿಂಗ್ ತಪ್ಪು. ಮನೆ ಗೃಹಪ್ರವೇಶದ ದಿನ ವೈರಿಂಗ್ ಬದಲಾಯಿಸಿದ ಹಾಗೆ.

ರಾತ್ರಿ ಕಳೆಯುತ್ತಾ ಬಂತು. ಒಬ್ಬೊಬ್ಬ ಅಭ್ಯರ್ಥಿಯೂ ಫಲಿತಾಂಶ ಇಲ್ಲದೆಯೇ ವೇದಿಕೆ ಹತ್ತಿ ಭಾಷಣ ಮಾಡಿದರು. ಪೀಟ್ ಬುಟಿಜೆಜ್ ಅಂತೂ ಗೆದ್ದೇಬಿಟ್ಟೆವು ಅನ್ನೋ ಧಾಟಿಯಲ್ಲಿ ಮಾತಾಡಿ ನ್ಯೂ ಹ್ಯಾಂಪ್‌ಶೈರ್‌ಗೆ ಹೊರಟರು. ಮಂಗಳವಾರ ಸಂಜೆ ಹೊತ್ತಿಗೆ 62% ಬೂತ್‌ಗಳ ಲೆಕ್ಕ ಬಂತು. ನೂರಕ್ಕೆ ನೂರು ಬರುವಾಗ ಗುರುವಾರ. ಸುಮಾರು 1,76,000 ಜನ ಭಾಗವಹಿಸಿದ್ದರು.

ಮೂರು ಲೆಕ್ಕ ಮೂರು ಥರ. ಮೊದಲ ಎಣಿಕೆಯಲ್ಲಿ ಸ್ಯಾಂಡರ್ಸ್‌ಗೆ 43,500ಕ್ಕೂ ಜಾಸ್ತಿ, ಬುಟಿಜೆಜ್‌ಗೆ 37,500ರ ಆಸುಪಾಸು. ಆರು ಸಾವಿರದ ಅಂತರ. ಎರಡನೇ ಎಣಿಕೆಯಲ್ಲೂ ಸ್ಯಾಂಡರ್ಸೇ ಮುಂದೆ, ಸುಮಾರು ಎರಡೂವರೆ ಸಾವಿರದಿಂದ. ಮೂರನೆಯದರಲ್ಲಿ, ಅಂದರೆ ಅಧಿಕೃತ ಲೆಕ್ಕದಲ್ಲಿ, ಬುಟಿಜೆಜ್ 562.954, ಸ್ಯಾಂಡರ್ಸ್ 562.021. ಒಂದಕ್ಕಿಂತ ಕಮ್ಮಿ ಅಂತರದಲ್ಲಿ ಬುಟಿಜೆಜ್ ಮೊದಲು.

ಹೀಗಾಗಲು ಮೋಸವೇ ಆಗಬೇಕಿಲ್ಲ. ಯಾವ ಬೂತ್‌ಗೆ ಎಷ್ಟು ಪ್ರತಿನಿಧಿಗಳು ಅನ್ನೋದು ಹಿಂದಿನ ಚುನಾವಣೆಗಳಲ್ಲಿ ಅಲ್ಲಿ ಪಕ್ಷಕ್ಕೆ ಬಿದ್ದ ಮತದ ಮೇಲೆ ಮೊದಲೇ ಗೊತ್ತುಮಾಡಿರುತ್ತಾರೆ. ಈ ಸಲ ಅಲ್ಲಿಗೆ ಎರಡು ಪಟ್ಟು ಜನ ಬಂದರೂ ಸಂಖ್ಯೆ ಏರುವುದಿಲ್ಲ. ಸ್ಯಾಂಡರ್ಸ್ ಮತಗಳು ವಿಶ್ವವಿದ್ಯಾಲಯಗಳ ಊರುಗಳಲ್ಲಿ ರಾಶಿ ಬಿದ್ದವು. ಬುಟಿಜೆಜ್ ಮತಗಳು ಹಳ್ಳಿ ಕಡೆಯ ಕೌಂಟಿಗಳಲ್ಲಿ ಬೆಣ್ಣೆ ಸವರಿದಂತೆ ಹರಡಿದ್ದವು. ಹರಡಿದ ಮತಕ್ಕೆ ಬೆಲೆ ಜಾಸ್ತಿ. ವಿಧಾನಸಭೆಯ ಸೀಟು ಲೆಕ್ಕ ಗೊತ್ತಿರುವ ನಮಗೆ ಇದು ಹೊಸದೇನಲ್ಲ. ಆದರೆ ಅಯೋವಾದವರಿಗೆ ಹೊಸದು, ಯಾಕೆಂದರೆ ನಲವತ್ತೆಂಟು ವರ್ಷ ಅವರಿಗೆ ಮೊದಲೆರಡು ಲೆಕ್ಕ ತೋರಿಸಿಯೇ ಇರಲಿಲ್ಲ.

ನಿಜವಾದ ಎಡವಟ್ಟು ಇರೋದು ಮುಂದೆ. ಮೂರೂ ಲೆಕ್ಕ ಹೊರಗೆ ಬಂದ ಮೇಲೆ ಪತ್ರಕರ್ತರು ಕೂತು ತಾಳೆ ನೋಡಿದರು. ನ್ಯೂಯಾರ್ಕ್ ಟೈಮ್ಸ್‌ನವರಿಗೆ ನೂರಕ್ಕೂ ಹೆಚ್ಚು ಬೂತ್‌ಗಳಲ್ಲಿ ಹೊಂದಿಕೆಯಾಗದ ಅಂಕಿಗಳು ಸಿಕ್ಕವು. ಕೆಲವು ಕಡೆ ಎರಡನೇ ಎಣಿಕೆಯ ಒಟ್ಟು ಮೊದಲನೆಯದಕ್ಕಿಂತ ಜಾಸ್ತಿ! ಬಾಗಿಲು ಮುಚ್ಚಿದ ಮೇಲೆ ಜನ ಎಲ್ಲಿಂದ ಬಂದರು? ಕೆಲವು ಕಡೆ ಭಾಗಾಕಾರವೇ ತಪ್ಪು, ಒಬ್ಬರಿಗೆ ಹೋಗಬೇಕಾದ ಪ್ರತಿನಿಧಿ ಇನ್ನೊಬ್ಬರಿಗೆ.

ಸರಿ, ತಿದ್ದಿ ಅಂದರೆ, ಪಕ್ಷ ಕೊಟ್ಟ ಉತ್ತರ ನೋಡಿ. ಬೂತ್‌ನ ಲೆಕ್ಕದ ಹಾಳೆಗೆ ಅಲ್ಲಿನ ಮುಖ್ಯಸ್ಥರು, ಅಭ್ಯರ್ಥಿಗಳ ಕಡೆಯವರು ಸಹಿ ಹಾಕಿದ್ದಾರೆ, ಅದು ಕಾನೂನಿನ ದಾಖಲೆ, ಅದರಲ್ಲಿ ಕೂಡಿಸುವ ಕಳೆಯುವ ತಪ್ಪಿದ್ದರೂ ನಾವು ಮುಟ್ಟುವಂತಿಲ್ಲ ಅಂತ ಪಕ್ಷದ ವಕೀಲರು ಅಭಿಪ್ರಾಯ ಕೊಟ್ಟರು. ಈ ಭಾಗ ಓದಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಯೋಚನೆ ಮಾಡಿದರೆ ಅದರಲ್ಲೂ ಒಂದು ನ್ಯಾಯ ಇದೆ ಅನಿಸಿತು. ಎಲ್ಲರ ಎದುರಿಗೆ ಸಹಿ ಆದ ಹಾಳೆಯನ್ನು ಎರಡು ದಿನದ ಮೇಲೆ ರಾಜಧಾನಿ ಡೆಮಾಯ್ನ್‌ನ ಮುಚ್ಚಿದ ಕೋಣೆಯಲ್ಲಿ ಯಾರೋ ತಿದ್ದುವುದೂ ಅಪಾಯವೇ ಅಲ್ವಾ? ತಪ್ಪು ಅಂತ ಗೊತ್ತಿದ್ದೂ ಬಿಡುವುದಾ, ತಿದ್ದುವ ಅಧಿಕಾರವನ್ನು ಕೆಲವರ ಕೈಗೆ ಕೊಡುವುದಾ? ಸರ್ಕಾರಿ ಚುನಾವಣೆಯಲ್ಲಿ ಇದಕ್ಕೆ ಮರುಎಣಿಕೆ, ಕೋರ್ಟು ಅಂತ ದಾರಿ ಇರುತ್ತದೆ. ಇದು ಪಕ್ಷದ ಮನೆಯೊಳಗಿನ ವ್ಯವಹಾರ.

ರಾಷ್ಟ್ರೀಯ ಸಮಿತಿ ಅಧ್ಯಕ್ಷ ಟಾಮ್ ಪೆರೆಜ್ ಗುರುವಾರ ಕೂಡಲೇ ಮರುಪರಿಶೀಲನೆ ಶುರುಮಾಡಿ ಅಂದರು. ಅಭ್ಯರ್ಥಿ ಕೇಳಿದರೆ ಮಾತ್ರ ಅಂತ ಅಯೋವಾದವರು. ಆಮೇಲೆ ಸ್ಯಾಂಡರ್ಸ್, ಬುಟಿಜೆಜ್ ಇಬ್ಬರ ಕಡೆಯವರೂ ಕೇಳಿದರು. ಮೊದಲು ಹಾಳೆಗಳ ಪರಿಶೀಲನೆ, ಅದಾದ ಮೇಲೆ ಕೆಲವು ಬೂತ್‌ಗಳಲ್ಲಿ ಚೀಟಿಗಳ ಮರುಎಣಿಕೆ. ಮತದಾರರು ಕೈಯಾರೆ ಬರೆದು ಸಹಿ ಹಾಕಿದ ಆ ಚೀಟಿಗಳು ಇದ್ದದ್ದೂ 2018ರ ಸುಧಾರಣೆಯ ದೆಸೆಯಿಂದಲೇ. ರಾಜ್ಯ ಪಕ್ಷದ ಅಧ್ಯಕ್ಷ ಟ್ರಾಯ್ ಪ್ರೈಸ್ ಫೆಬ್ರವರಿ 12ಕ್ಕೆ ರಾಜೀನಾಮೆ ಕೊಟ್ಟರು. ಕೊನೆಗೆ ಆ 41 ಪ್ರತಿನಿಧಿಗಳ ಹಂಚಿಕೆ ಹೀಗಾಯಿತು: ಬುಟಿಜೆಜ್ 14, ಸ್ಯಾಂಡರ್ಸ್ 12, ಎಲಿಜಬೆತ್ ವಾರನ್ 8, ಜೋ ಬೈಡನ್ 6, ಏಮಿ ಕ್ಲೋಬುಚಾರ್ 1. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಮಾತ್ರ ಗೆದ್ದವರು ಯಾರು ಅಂತ ಘೋಷಿಸಲೇ ಇಲ್ಲ.

ಪಕ್ಷ ಈ ಫಲಿತಾಂಶಕ್ಕೆ ಮುದ್ರೆ ಒತ್ತಿದ್ದು ಫೆಬ್ರವರಿ 29ಕ್ಕೆ. ಅದೇ ದಿನ ದಕ್ಷಿಣ ಕೆರೊಲಿನಾದಲ್ಲಿ ಪ್ರೈಮರಿ. ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ, ಮುಗಿದೇಹೋದರು ಅನ್ನಿಸಿಕೊಂಡಿದ್ದ ಬೈಡನ್ ಅಲ್ಲಿ ಕಪ್ಪು ಮತದಾರರ ಬಲದಿಂದ ಹತ್ತಿರ ಹತ್ತಿರ 49% ಪಡೆದು ಎದ್ದು ನಿಂತರು. ಮರುದಿನ ಬುಟಿಜೆಜ್ ಕಣದಿಂದ ಹಿಂದೆ ಸರಿದರು. ಅಯೋವಾದ ಅಧಿಕೃತ ವಿಜೇತ, ಮುದ್ರೆ ಬಿದ್ದ ಮರುದಿನದ ರಾತ್ರಿ ಹೊತ್ತಿಗೆ ಸ್ಪರ್ಧೆಯಲ್ಲೇ ಇರಲಿಲ್ಲ.

ಮುಂದಿನ ಸುಧಾರಣೆ ಬಂದದ್ದು ಅಧ್ಯಕ್ಷರ ಕಚೇರಿಯಿಂದ. 2022ರ ಡಿಸೆಂಬರ್‌ನಲ್ಲಿ, ಅಷ್ಟೊತ್ತಿಗೆ ಅಧ್ಯಕ್ಷರಾಗಿದ್ದ ಬೈಡನ್ ಪಕ್ಷಕ್ಕೆ ಪತ್ರ ಬರೆದರು. ಕಾಕಸ್ ಪದ್ಧತಿ ದುಡಿಯುವ ಜನರನ್ನು ಹೊರಗಿಡುತ್ತದೆ, ಕಪ್ಪು ಮತದಾರರು ಮೊದಲೇ ಮಾತಾಡುವಂತಾಗಬೇಕು ಅಂತ ವಾದ. 2023ರ ಫೆಬ್ರವರಿ 4ರಂದು ಫಿಲಡೆಲ್ಫಿಯಾದಲ್ಲಿ ಪಕ್ಷ ಒಪ್ಪಿತು. ಮೊದಲು ದಕ್ಷಿಣ ಕೆರೊಲಿನಾ, ಆಮೇಲೆ ನೆವಾಡ ಮತ್ತು ನ್ಯೂ ಹ್ಯಾಂಪ್‌ಶೈರ್, ಜಾರ್ಜಿಯಾ, ಮಿಷಿಗನ್. 2024ರ ಆ ಪಟ್ಟಿಯಲ್ಲಿ ಅಯೋವಾ ಮೊದಲ ಸಾಲಿನಲ್ಲೇ ಇರಲಿಲ್ಲ.

ವಾದ ಸರಿಯಾಗೇ ಇದೆ. ನನಗೆ ತೊಡಕು ಇರೋದು ಬೇರೆ ಕಡೆ. ತಾನು ಸೋತ ಎರಡು ರಾಜ್ಯಗಳನ್ನು ಹಿಂದಕ್ಕೆ ತಳ್ಳಿ, ತನ್ನನ್ನು ಗೆಲ್ಲಿಸಿದ ರಾಜ್ಯವನ್ನು ಮುಂದಕ್ಕೆ ತಂದವರು ಮುಂದಿನ ಸಲ ಮತ್ತೆ ತಾನೇ ಅಭ್ಯರ್ಥಿ ಆಗಲು ಹೊರಟಿದ್ದವರು. ಆಟಗಾರರೇ ಪಿಚ್ ತಯಾರಿಸಿದ ಹಾಗೆ. ಪಿಚ್ ಮೊದಲಿಗಿಂತ ಚೆನ್ನಾಗಿರಬಹುದು, ಆದರೂ ಎದುರಾಳಿಗೆ ಅನುಮಾನ ಬರದೆ ಇರುತ್ತಾ? ನ್ಯೂ ಹ್ಯಾಂಪ್‌ಶೈರ್‌ನವರು ಕೇಳಲಿಲ್ಲ. ತಮ್ಮ ಕಾನೂನಿನ ಪ್ರಕಾರ 2024ರ ಜನವರಿ 23ಕ್ಕೇ ಪ್ರೈಮರಿ ಮಾಡಿದರು. ಈ ಪ್ರೈಮರಿಗೆ ಅರ್ಥವೇ ಇಲ್ಲ ಅಂತ ರಾಷ್ಟ್ರೀಯ ಸಮಿತಿ ಪತ್ರ ಬರೆದರೆ, ಮತದಾರರನ್ನು ಹೀಗೆ ದಾರಿ ತಪ್ಪಿಸಬೇಡಿ ಅಂತ ಅಲ್ಲಿನ ಅಟಾರ್ನಿ ಜನರಲ್ ಕಚೇರಿ ನೋಟಿಸ್ ಕಳಿಸಿತು. ಬೈಡನ್ ಹೆಸರು ಮತಪತ್ರದಲ್ಲೇ ಇರಲಿಲ್ಲ. ಜನ ಪೆನ್ನಿನಿಂದ ಅವರ ಹೆಸರು ಬರೆದು ಗೆಲ್ಲಿಸಿದರು.

ಅಯೋವಾದ ಡೆಮಾಕ್ರಟರು 2024ರ ಜನವರಿ 15ಕ್ಕೆ ಎಂದಿನಂತೆ ಸೇರಿದರು, ಆದರೆ ಪಕ್ಷದ ಮನೆಗೆಲಸಕ್ಕೆ ಮಾತ್ರ. ಅಭ್ಯರ್ಥಿಯ ಆಯ್ಕೆ ಅಂಚೆಯಲ್ಲಿ. ಬೇಕು ಅಂದವರ ಮನೆಗೆ ಕಾರ್ಡ್ ಬರುತ್ತೆ. ಅಡುಗೆಮನೆಯ ಟೇಬಲ್ ಮೇಲೆ ಇಟ್ಟು ಗುರುತು ಹಾಕಿ, ಲಕೋಟೆಗೆ ಹಾಕಿ ವಾಪಸ್ ಕಳಿಸಿದರೆ ಆಯಿತು. ಪೋಸ್ಟರ್ ಇಲ್ಲ, ಗುಂಪು ಇಲ್ಲ, ಮನೆಗೆ ಹೋಗು ಅನ್ನುವವರಿಲ್ಲ. ಸಂಜೆ ಪಾಳಿಯವರೂ ಹಾಕಬಹುದು, ಹಾಸಿಗೆ ಹಿಡಿದವರೂ ಹಾಕಬಹುದು. ಎಣಿಸಲು ಒಂದೇ ಲೆಕ್ಕ. ಫಲಿತಾಂಶ ಹೇಳಿದ್ದು ಮಾರ್ಚ್ 5ಕ್ಕೆ, ಒಂದು ಡಜನ್‌ಗೂ ಹೆಚ್ಚು ರಾಜ್ಯಗಳು ಒಟ್ಟಿಗೆ ಮತ ಹಾಕಿದ ಸೂಪರ್ ಮಂಗಳವಾರದಂದು. ಆ ರಾತ್ರಿ ಅಯೋವಾದ ಅಂಕಿ ಹೇಳಿ ಅಂತ ಯಾರೂ ಫೋನ್ ಹಿಡಿದು ಕಾಯುತ್ತಿರಲಿಲ್ಲ.